ಓವಿಯಲ್ಲಿ ಹಾಡಿದ ಆಂಗ್ಲ ಮಹಾಕವಿ: ಫಾದರ್ ಥಾಮಸ್ ಸ್ಟೀಫನ್ಸ್

ಆಂಗ್ಲ ಮಹಾಕಾವ್ಯವೆಂದೊಡನೆ ನಮ್ಮ ನೆನಪಿಗೆ ಬರುವ ಹೆಸರು ಜಾನ್ ಮಿಲ್ಟನ್ ಕವಿಯದು. 1667ರಲ್ಲಿ ಪ್ರಕಟವಾದ ಅವನ 'ಪ್ಯಾರಡೈಸ್ ಲಾಸ್ಟ್' ಕಾವ್ಯವನ್ನು ಕಾಲೇಜಿನ ಮೆಟ್ಟಿಲೇರಿದ ಕನ್ನಡಿಗರು ಒಂದಲ್ಲ ಒಂದು ಬಗೆಯಲ್ಲಿ ಬಲ್ಲರು. ನಮ್ಮ ರಾಷ್ಟ್ರಕವಿ ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಹಿಂದಿನ ಮಹಾಕವಿಗಳಿಗೆ ನಮಿಸುವಾಗ ಮಿಲ್ಟನ್ನನನ್ನೂ ಸ್ಮರಿಸಿದ್ದಾರೆ. ಆದರೆ ಮಿಲ್ಟನ್ನನ ಕಾವ್ಯ ಅಚ್ಚಾಗುವುದಕ್ಕೆ 51 ವರ್ಷ ಮೊದಲೇ, ಅದೇ ಲೋಕಸೃಷ್ಟಿಯನ್ನೂ ದಂಗೆಯೆದ್ದ ದೂತರ ಪತನವನ್ನೂ ಆದಾಮ ಏವೆಯರ ಪಾಪವನ್ನೂ ಇನ್ನೊಬ್ಬ ಆಂಗ್ಲರು ಮಹಾಕಾವ್ಯವಾಗಿ ಹಾಡಿ ಮುಗಿಸಿದ್ದರೆಂಬ ಸಂಗತಿ ಬಹುಮಂದಿಗೆ ತಿಳಿದಿಲ್ಲ. ಅವರು ಅದನ್ನು ಲಂಡನ್ ನಗರದಲ್ಲಿ ಕುಳಿತು ಬರೆಯಲಿಲ್ಲ, ಆಂಗ್ಲ ಭಾಷೆಯಲ್ಲಿಯೂ ಬರೆಯಲಿಲ್ಲ. ನಮ್ಮ ನೆರೆಯ ಗೋವೆಯ ಹಳ್ಳಿಗಳಲ್ಲಿ ಬಾಳಿ, ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ ಬರೆದರು. ಅವರೇ ಯೇಸುಸಭೆಯ ಫಾದರ್ ಥಾಮಸ್ ಸ್ಟೀಫನ್ಸ್. ಅವರ ಕೃತಿಯೇ 'ಕ್ರಿಸ್ತಪುರಾಣ'.

ಕರಾವಳಿಯ ಕಥೆಯನ್ನು ಕೊಂಡ್ಲಹಳ್ಳಿಯಂಥ ಬಯಲುಸೀಮೆಯ ಊರಿನಿಂದ ಬರೆಯಲು ಹೊರಟಿರುವುದು ಏಕೆಂದು ವಾಚಕರು ಕೇಳಬಹುದು. ಕಾರಣವಿದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಮಗೆ ಪುರಾಣವೆಂದರೆ ಓದುವ ವಸ್ತುವಲ್ಲ, ಕೇಳುವ ವಸ್ತು. ಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು, ಮ್ಯಾಸಬೇಡರ ಹಟ್ಟಿಗಳಲ್ಲಿ ಗಾದ್ರಿ ಪಾಲನಾಯಕನ ಕಥೆಯನ್ನು ಅಕ್ಷರವರಿಯದ ಹಿರಿಯರು ಇರುಳುಗಟ್ಟಲೆ ಹಾಡಿದ್ದಾರೆ. ಕುಮಾರವ್ಯಾಸನ ಭಾರತವನ್ನು ಗುಡಿಯ ಜಗಲಿಯಲ್ಲಿ ಒಬ್ಬರು ಓದಿ, ಮತ್ತೊಬ್ಬರು ಅರ್ಥ ಹೇಳಿ, ಊರೆಲ್ಲ ತಲೆದೂಗುವುದು ಕನ್ನಡ ನಾಡಿನ ಹಳೆಯ ರೂಢಿ. ಕಿವಿಯ ಮೂಲಕ ಹೃದಯಕ್ಕೆ ಇಳಿದ ಕಥೆ ಬೇಗ ಅಳಿಯುವುದಿಲ್ಲವೆಂಬುದನ್ನು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಫಾದರ್ ಸ್ಟೀಫನ್ಸರು ಅರಿತದ್ದು ಇದೇ ಸತ್ಯವನ್ನು. ಹಾಗಾಗಿ ಅವರ ಬಾಳು ನಮಗೂ ಹತ್ತಿರದ್ದೆಂದು ನಾವು ಭಾವಿಸುತ್ತೇವೆ.

ಮರೆಯಲ್ಲಿ ಉಳಿದ ವಿಶ್ವಾಸ

ಸ್ಟೀಫನ್ಸರು ಹುಟ್ಟಿದ್ದು ಸುಮಾರು 1549ರಲ್ಲಿ, ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಬುಷ್ಟನ್ ಎಂಬ ಗ್ರಾಮದಲ್ಲಿ. ತಂದೆ ವ್ಯಾಪಾರಿ. ಅದು ಇಂಗ್ಲೆಂಡಿನ ಕಥೋಲಿಕರಿಗೆ ಸಂಕಟದ ಕಾಲ. 1558ರಲ್ಲಿ ಮೊದಲನೆಯ ಎಲಿಜಬೆತ್ ರಾಣಿ ಸಿಂಹಾಸನವೇರಿದ ಬಳಿಕ ದಿವ್ಯ ಬಲಿಪೂಜೆ ಕಾನೂನುಬಾಹಿರವಾಯಿತು. ಸರ್ಕಾರಿ ಧರ್ಮಸಭೆಯ ಆರಾಧನೆಗೆ ಬಾರದವರು ದಂಡ ತೆರಬೇಕಾಯಿತು. ಅನೇಕ ಕುಟುಂಬಗಳು ಹೊರಗೆ ಮೌನವಾಗಿದ್ದು ಮನೆಯೊಳಗೆ ಮಾತ್ರ ತಮ್ಮ ವಿಶ್ವಾಸವನ್ನು ಕಾಪಾಡಿಕೊಂಡವು.

ಈ ದಿನಗಳಲ್ಲಿ ಯುವಕ ಸ್ಟೀಫನ್ಸರಿಗೆ ಥಾಮಸ್ ಪೌಂಡ್ ಎಂಬ ಶ್ರೀಮಂತನ ಸ್ನೇಹ ದೊರೆಯಿತು. ಪೌಂಡ್ ಒಂದು ಕಾಲಕ್ಕೆ ರಾಣಿಯ ಆಸ್ಥಾನದಲ್ಲಿ ಮೆರೆದವನು. ಕ್ರಿಸ್ತಜಯಂತಿಯ ಉತ್ಸವವೊಂದರಲ್ಲಿ ನರ್ತಿಸುವಾಗ ಅವನು ಆಯತಪ್ಪಿ ಬಿದ್ದನೆಂದೂ, ರಾಣಿ ನಕ್ಕು ಹೀಯಾಳಿಸಿದಳೆಂದೂ, ಆ ಕ್ಷಣದಲ್ಲೇ ಅವನಿಗೆ ಲೋಕದ ವೈಭವ ಬರಿದೆನಿಸಿತೆಂದೂ ಅವನ ಕುರಿತು ಕಥೆಯಿದೆ. ಆಸ್ಥಾನವನ್ನು ತೊರೆದ ಪೌಂಡ್ ಪೂರ್ವಜರ ವಿಶ್ವಾಸಕ್ಕೆ ಮರಳಿದನು. ಸ್ಟೀಫನ್ಸರು ಅವನ ಸೇವಕನ ವೇಷ ಧರಿಸಿ ಸುಮಾರು ಎರಡು ವರ್ಷ ಜೊತೆಗಿದ್ದರು. ಇಬ್ಬರೂ ರೋಮಿಗೆ ಹೋಗಿ ಯೇಸುಸಭೆ ಸೇರಬೇಕೆಂದು ನಿಶ್ಚಯಿಸಿದ್ದರು. ಹೊರಡುವ ಮೊದಲೇ ಪೌಂಡ್ ಸೆರೆಯಾದನು. ಮುಂದೆ ಅವನ ಬಾಳಿನ ಸುಮಾರು ಮೂವತ್ತು ವರ್ಷಗಳು ಸೆರೆಮನೆಗಳಲ್ಲಿಯೇ ಕಳೆದವು. ಸ್ಟೀಫನ್ಸರು ಮಾತ್ರ ದಾಟಿಹೋದರು.

1575ರ ಅಕ್ಟೋಬರ್ 20ರಂದು ಅವರು ರೋಮಿನ ಸಂತ ಅಂದ್ರೆಯ ನವಶಿಷ್ಯಾಲಯವನ್ನು ಪ್ರವೇಶಿಸಿದರು. ಗೆಳೆಯನನ್ನು ಅವರು ಮರೆಯಲಿಲ್ಲ. ಪೌಂಡ್‌ನನ್ನು ಸೆರೆಯಲ್ಲಿರುವಂತೆಯೇ ಯೇಸುಸಭೆಗೆ ಸೇರಿಸಿಕೊಳ್ಳಬೇಕೆಂದು ಮಹಾಶ್ರೇಷ್ಠರಲ್ಲಿ ಬಿನ್ನವಿಸಿದರು. 1578ರಲ್ಲಿ ಆ ಬಿನ್ನಹ ಕೈಗೂಡಿತು. ಒಬ್ಬ ಗೆಳೆಯ ಕತ್ತಲೆಯ ಕೋಣೆಯಲ್ಲಿ, ಮತ್ತೊಬ್ಬ ಗೆಳೆಯ ಕಡಲಾಚೆಯ ನಾಡಿನಲ್ಲಿ ಒಂದೇ ವ್ರತವನ್ನು ಪಾಲಿಸುವಂತಾಯಿತು.

ಅದೇ ಕಾಲದ ಆಂಗ್ಲ ಯೇಸುಸಭಿಗರಲ್ಲಿ ಕೆಲವರು ತಾಯ್ನಾಡಿಗೆ ಮರಳಿ ಹುತಾತ್ಮರಾದರು. 1581ರ ಡಿಸೆಂಬರ್ 1ರಂದು ಲಂಡನ್ನಿನಲ್ಲಿ ಪ್ರಾಣತೆತ್ತ ಸಂತ ಎಡ್ಮಂಡ್ ಕ್ಯಾಂಪಿಯನ್ ಅವರಲ್ಲಿ ಪ್ರಮುಖರು. ಸ್ಟೀಫನ್ಸರಿಗೆ ದೊರೆತ ದಾರಿ ಬೇರೆ. ಸಂತ ಫ್ರಾನ್ಸಿಸ್ ಝೇವಿಯರರು ದುಡಿದಿದ್ದ ಪೂರ್ವದೇಶಕ್ಕೆ ಅವರು ಹೊರಟರು.

ಆರು ತಿಂಗಳ ಕಡಲ ಪಯಣ

1579ರ ಏಪ್ರಿಲ್ 4ರಂದು ಲಿಸ್ಬನ್ನಿನಿಂದ ಐದು ಹಡಗುಗಳು ಗೋವೆಯತ್ತ ಹೊರಟವು. ಅವುಗಳಲ್ಲಿ ಒಂದರಲ್ಲಿ ಸ್ಟೀಫನ್ಸರಿದ್ದರು. ಗಿನಿ ತೀರದ ಬಳಿ ಗಾಳಿಯಿಲ್ಲದೆ ಹಡಗುಗಳು ದಿನಗಟ್ಟಲೆ ನಿಂತವು. ಬಿಸಿಲಿಗೂ ಕೆಟ್ಟ ನೀರಿಗೂ ಜನ ಕಂಗಾಲಾದರು. ಗುಡ್‌ಹೋಪ್ ಭೂಶಿರವನ್ನು ಬಳಸಿ ಬರುವಾಗ ಬಿರುಗಾಳಿಯ ಭೀತಿ. ವಸಡು ಊದಿಕೊಂಡು ಮೈಯೆಲ್ಲ ನೋಯುವ ಕಡಲರೋಗ ಬೇರೆ. 150ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, 27 ಮಂದಿ ತೀರಿಕೊಂಡರು. ಆ ಕಾಲದ ಯಾನಗಳ ಲೆಕ್ಕದಲ್ಲಿ ಅದು ಕಡಿಮೆಯ ಸಾವೆಂದೇ ಸ್ಟೀಫನ್ಸರು ಎಣಿಸಿದರು. ಅಕ್ಟೋಬರ್ 24ರಂದು ಹಡಗು ಗೋವೆ ಸೇರಿತು.

ಬಂದ ಎರಡೇ ವಾರಗಳಲ್ಲಿ, ನವೆಂಬರ್ 10ರಂದು, ಅವರು ತಂದೆಗೆ ಬರೆದ ದೀರ್ಘ ಪತ್ರದಲ್ಲಿ ಈ ವಿವರಗಳೆಲ್ಲ ಇವೆ. ಹಾರುವ ಮೀನುಗಳು, ಕಡಲ ಹಕ್ಕಿಗಳು, ತಿಮಿಂಗಿಲದಂಥ ಜೀವಿಗಳು, ನಡುಗಡಲಿನಲ್ಲಿ ಹಡಗಿನ ನೆಲೆಯನ್ನು ಅಳೆಯುವ ಕಷ್ಟ, ಎಲ್ಲವನ್ನೂ ಮಗುವಿನ ಕುತೂಹಲದಿಂದ ಕಂಡು ಬರೆದಿದ್ದಾರೆ. ರಿಚರ್ಡ್ ಹ್ಯಾಕ್ಲೂಟ್ ಎಂಬ ವಿದ್ವಾಂಸನು ಆ ಪತ್ರವನ್ನು ತನ್ನ ಯಾತ್ರಾಸಂಪುಟದಲ್ಲಿ ಅಚ್ಚುಮಾಡಿಸಿದನು. ಭಾರತಕ್ಕೆ ಬಂದು ನೆಲೆಸಿದ ಮೊದಲ ಆಂಗ್ಲರೆಂದು ಚರಿತ್ರಕಾರರು ಸಾಮಾನ್ಯವಾಗಿ ಸ್ಟೀಫನ್ಸರನ್ನೇ ಹೆಸರಿಸುತ್ತಾರೆ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರ ಕೊನೆಯ ದಿನ. ಅದಕ್ಕೆ 21 ವರ್ಷ ಮೊದಲು ಬಂದ ಈ ಆಂಗ್ಲರು ಲಾಭವನ್ನರಸಿ ಬಂದವರಲ್ಲ.

1580ರಲ್ಲಿ ಗೋವೆಯಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅಲ್ಲಿಂದ ಮುಂದೆ ಸುಮಾರು ನಾಲ್ಕು ದಶಕಗಳ ಕಾಲ ಸಾಷ್ಟಿ ಪ್ರದೇಶದಲ್ಲಿ, ಅಂದರೆ ಪೋರ್ಚುಗೀಸರು ಸಾಲ್ಸೆಟ್ ಎಂದು ಕರೆದ ದಕ್ಷಿಣ ಗೋವೆಯ ಹಳ್ಳಿಗಳಲ್ಲಿ, ಅವರ ಸೇವೆ ಸಾಗಿತು. ಕೆಲಕಾಲ ಅಲ್ಲಿಯ ಯೇಸುಸಭೆಯ ಕಾಲೇಜಿನ ಮುಖ್ಯಸ್ಥರೂ ಆಗಿದ್ದರು. ಜನ ಅವರನ್ನು ಪಾದ್ರಿ ಎಸ್ತೆವಾಂವ್ ಎಂದು ಕರೆದರು. ತಾಯ್ನಾಡನ್ನು ಅವರು ಮತ್ತೆ ಕಾಣಲಿಲ್ಲ.

1583ರ ಕೊನೆಯಲ್ಲಿ ಮಾತ್ರ ತಾಯ್ನಾಡೇ ಅವರ ಬಾಗಿಲಿಗೆ ಬಂದಿತು. ಹೊರ್ಮುಜ್‌ನಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕಿಬಿದ್ದ ರಾಲ್ಫ್ ಫಿಚ್, ಜಾನ್ ನ್ಯೂಬೆರಿ ಮೊದಲಾದ ನಾಲ್ವರು ಆಂಗ್ಲರನ್ನು ಗೂಢಚಾರರೆಂಬ ಶಂಕೆಯ ಮೇಲೆ ಗೋವೆಯ ಸೆರೆಮನೆಗೆ ತಳ್ಳಲಾಗಿತ್ತು. ಅವರು ಬೇರೆ ಮತದವರೆಂದು ಸ್ಟೀಫನ್ಸರು ಹಿಂಜರಿಯಲಿಲ್ಲ. ಜಾಮೀನಿನ ಮೇಲೆ ಅವರ ಬಿಡುಗಡೆಯಾಗಲು ನೆರವಾದರು. ಮರುವರ್ಷ ಫಿಚ್ ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಬೆಳಗಾವಿ, ವಿಜಾಪುರಗಳ ಮಾರ್ಗವಾಗಿ ಗೋಲ್ಕೊಂಡಕ್ಕೆ ಸಾಗಿದನು.

ಕಿತ್ತುಕೊಂಡ ಪುರಾಣಗಳು

ಸ್ಟೀಫನ್ಸರು ಕಾಲಿಟ್ಟ ಸಾಷ್ಟಿ ಶಾಂತವಾದ ನಾಡಾಗಿರಲಿಲ್ಲ. ಇದನ್ನು ನಾವು ಮರೆಮಾಚದೆ ಹೇಳಬೇಕು. 1543ರಲ್ಲಿ ಆ ಪ್ರದೇಶ ಪೋರ್ಚುಗೀಸರ ವಶವಾಯಿತು. 1567ರಲ್ಲಿ ಆಡಳಿತದ ಆಜ್ಞೆಯಂತೆ ಅಲ್ಲಿಯ ನೂರಾರು ಹಿಂದೂ ದೇವಾಲಯಗಳನ್ನು ಕೆಡವಲಾಯಿತು. ಮಂಗೇಶ, ಶಾಂತಾದುರ್ಗೆಯಂಥ ದೇವರುಗಳನ್ನು ಭಕ್ತರು ಹೊಳೆ ದಾಟಿಸಿ, ಆಗ ವಿಜಾಪುರದ ಆದಿಲ್‌ಶಾಹಿಗೆ ಸೇರಿದ್ದ ಫೋಂಡಾ ಸೀಮೆಗೆ ಕೊಂಡೊಯ್ದರು. ಹಳೆಯ ಧರ್ಮಗ್ರಂಥಗಳನ್ನು ಇಟ್ಟುಕೊಳ್ಳುವುದೂ ಓದುವುದೂ ನಿಷಿದ್ಧವಾಯಿತು.

1583ರ ಜುಲೈ 25ರಂದು ಕುಂಕಳ್ಳಿ ಗ್ರಾಮದಲ್ಲಿ ಆ ಸಿಟ್ಟು ಸ್ಫೋಟಿಸಿತು. ಅಕ್ಬರನ ಆಸ್ಥಾನದಿಂದ ಆಗಷ್ಟೇ ಮರಳಿದ್ದ ಫಾದರ್ ರುದೊಲ್ಫ್ ಅಕ್ವವೀವರೂ ಅವರ ನಾಲ್ವರು ಯೇಸುಸಭೆಯ ಸಂಗಡಿಗರೂ, ಜೊತೆಯಲ್ಲಿದ್ದ ಇತರರೂ ಹತರಾದರು. ಧರ್ಮಸಭೆ ಆ ಐವರನ್ನು 1893ರಲ್ಲಿ ಧನ್ಯರೆಂದು ಸಾರಿತು. ಇತ್ತ ಪೋರ್ಚುಗೀಸ್ ಅಧಿಕಾರಿಗಳು ಕುಂಕಳ್ಳಿಯ ಮುಖಂಡರನ್ನು ಮಾತುಕತೆಗೆಂದು ಅಸೋಳ್ಣೆಯ ಕೋಟೆಗೆ ಕರೆಸಿ ಕೊಂದರು. ಎರಡು ಕಡೆಯ ರಕ್ತವೂ ಒಂದೇ ನೆಲದಲ್ಲಿ ಇಂಗಿತು. ಆ ನೆಲದಲ್ಲಿಯೇ ಸ್ಟೀಫನ್ಸರು ಮುಂದಿನ 36 ವರ್ಷ ಬಾಳಬೇಕಾಗಿತ್ತು.

ಆ ಘಟನೆ ನಡೆದ ಮೂರು ತಿಂಗಳಿಗೆ, ಅಕ್ಟೋಬರ್ 24ರಂದು, ಅವರು ಪ್ಯಾರಿಸ್ಸಿನಲ್ಲಿದ್ದ ಸಹೋದರ ರಿಚರ್ಡ್‌ಗೆ ಪತ್ರ ಬರೆದರು. ಅದರಲ್ಲಿ ಒಂದು ಅಮೂಲ್ಯ ಮಾತಿದೆ. ಈ ನಾಡಿನ ಭಾಷೆಗಳು ಅನೇಕ, ಅವುಗಳ ಉಚ್ಚಾರ ಹಿತವಾದದ್ದು, ಅವುಗಳ ರಚನೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಹೋಲುತ್ತದೆ ಎಂದು ಅವರು ಗುರುತಿಸಿದ್ದರು. ಸಂಸ್ಕೃತಕ್ಕೂ ಯುರೋಪಿನ ಪ್ರಾಚೀನ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಾರಿದ್ದು 1786ರಲ್ಲಿ. ಅದಕ್ಕೆ ಇನ್ನೂರು ವರ್ಷ ಮೊದಲೇ ಸಾಷ್ಟಿಯ ಹಳ್ಳಿಗಳಲ್ಲಿ ಓಡಾಡುತ್ತಿದ್ದ ಈ ಗುರುಗಳ ಕಿವಿಗೆ ಅದು ಕೇಳಿಸಿತ್ತು. ಸುತ್ತಲೂ ದ್ವೇಷ ಹೊಗೆಯಾಡುತ್ತಿದ್ದಾಗ ಅವರು ಜನರ ಮಾತಿಗೆ ಕಿವಿಗೊಟ್ಟಿದ್ದರು ಎಂಬುದೇ ನಮಗೆ ಮುಖ್ಯವಾಗಿ ಕಾಣುತ್ತದೆ.

ಕ್ರಿಸ್ತಪುರಾಣದ ಆರಂಭದಲ್ಲಿಯೇ ಅದರ ಹುಟ್ಟಿನ ಕಥೆಯಿದೆ. ಧರ್ಮೋಪದೇಶ ನಡೆಯುತ್ತಿದ್ದ ಒಂದು ದಿನ, ಹೊಸದಾಗಿ ಕ್ರೈಸ್ತನಾದ ಬ್ರಾಹ್ಮಣನೊಬ್ಬ ಎದ್ದುನಿಂತು ಗುರುಗಳನ್ನು ಕೇಳುತ್ತಾನೆ. ನಮ್ಮ ಹಳೆಯ ಪುರಾಣಗಳನ್ನು ಓದಬಾರದೆಂದು ನೀವು ತಡೆದಿರಿ, ಸರಿ. ಆದರೆ ಅವುಗಳ ಸ್ಥಾನದಲ್ಲಿ ನಮಗೆ ಬೇರೆ ಪುರಾಣಗಳನ್ನು ಏಕೆ ಕೊಡಲಿಲ್ಲ? ಬಿಡುವಿನ ವೇಳೆಯಲ್ಲಿ ನಾವು ಏನನ್ನು ಓದಿ ಕೇಳಿ ಮನಸ್ಸನ್ನು ತಣಿಸಿಕೊಳ್ಳಬೇಕು? ಅವನ ಪ್ರಶ್ನೆಯ ಸಾರ ಇಷ್ಟು. ಪ್ರಶ್ನೋತ್ತರದ ಧರ್ಮಪಾಠ ಬುದ್ಧಿಗೆ ಸಾಕಾಗಬಹುದು, ಬಾಳಿಗೆ ಸಾಲದು ಎಂಬ ಆಕ್ಷೇಪ ಅದರಲ್ಲಿ ಅಡಗಿದೆ. ಆ ಆಕ್ಷೇಪವನ್ನು ಸ್ಟೀಫನ್ಸರು ಅಡಗಿಸಲಿಲ್ಲ. ತಮ್ಮ ಕಾವ್ಯದ ಬಾಗಿಲಲ್ಲಿಯೇ ಅದಕ್ಕೆ ಸ್ಥಾನವಿತ್ತರು. ಕಿತ್ತುಕೊಂಡ ಕೈಯೂ ಕೊಟ್ಟ ಕೈಯೂ ಒಂದೇ ಆಡಳಿತದ ನೆರಳಿನಲ್ಲಿದ್ದವು, ನಿಜ. ಆದರೂ ಕಳೆದುಕೊಂಡವರ ನೋವನ್ನು ಅರಿತು ಕೊಟ್ಟ ಕೈ ಬೇರೆಯೇ.

ಹತ್ತು ಸಾವಿರ ಓವಿಗಳು

1616ರಲ್ಲಿ ಸಾಷ್ಟಿಯ ರಾಯತೂರಿನಲ್ಲಿ, ಅಂದರೆ ಪೋರ್ಚುಗೀಸರ ರಾಶೋಲ್‌ನಲ್ಲಿ, ಕ್ರಿಸ್ತಪುರಾಣ ಮೊದಲ ಬಾರಿಗೆ ಅಚ್ಚಾಯಿತು. ಆಗ ಕವಿಗೆ ಅರವತ್ತೇಳರ ಆಸುಪಾಸು. ಕೃತಿಯಲ್ಲಿ ಎರಡು ಭಾಗಗಳಿವೆ. ಮೊದಲ ಪುರಾಣದಲ್ಲಿ 36 ಸರ್ಗಗಳು. ಲೋಕಸೃಷ್ಟಿಯಿಂದ ಆರಂಭವಾಗಿ ಹಳೆಯ ಒಡಂಬಡಿಕೆಯ ಕಥೆಗಳ ಮೂಲಕ ಲೋಕೋದ್ಧಾರಕನ ನಿರೀಕ್ಷೆಯವರೆಗೆ ಅದು ಸಾಗುತ್ತದೆ. ಎರಡನೆಯ ಪುರಾಣದಲ್ಲಿ 59 ಸರ್ಗಗಳು. ಅದು ಯೇಸುಸ್ವಾಮಿಯ ಜನನ, ಉಪದೇಶ, ಯಾತನೆ, ಪುನರುತ್ಥಾನ, ಸ್ವರ್ಗಾರೋಹಣಗಳ ಚರಿತೆ. ಒಟ್ಟು ಪದ್ಯಗಳ ಸಂಖ್ಯೆ ಸುಮಾರು 10,960. ಮಿಲ್ಟನ್ನನ ಕಾವ್ಯದ ಸಾಲುಗಳೂ ಹತ್ತು ಸಾವಿರ ಚಿಲ್ಲರೆ. ಆದರೆ ಸ್ಟೀಫನ್ಸರ ಎಣಿಕೆ ಸಾಲುಗಳದ್ದಲ್ಲ, ನಾಲ್ಕು ಪಾದಗಳ ಪದ್ಯಗಳದ್ದು ಎಂಬುದನ್ನು ಗಮನಿಸಿದರೆ ಕೃತಿಯ ಹರವು ಅರಿವಾಗುತ್ತದೆ.

ಅವರು ಆರಿಸಿಕೊಂಡ ಛಂದಸ್ಸು ಓವಿ. ಜ್ಞಾನೇಶ್ವರರು ಬಳಸಿದ್ದು ಅದನ್ನೇ. ಸ್ಟೀಫನ್ಸರ ಹಿರಿಯ ಸಮಕಾಲೀನರಾದ ಸಂತ ಏಕನಾಥರು ಬಳಸಿದ್ದೂ ಅದನ್ನೇ. ಮೊದಲ ಮೂರು ಪಾದಗಳಿಗೆ ಅಂತ್ಯಪ್ರಾಸ, ನಾಲ್ಕನೆಯದು ಬಿಡಿ. ನಮ್ಮ ಷಟ್ಪದಿಯ ದ್ವಿತೀಯಾಕ್ಷರ ಪ್ರಾಸಕ್ಕೆ ಒಗ್ಗಿದ ಕಿವಿಗೆ ಇದು ಬೇರೆ ಬಗೆಯಾಗಿ ಕೇಳಿಸಬಹುದು. ಆದರೆ ನಮ್ಮ ಹೆಂಗಸರ ಬೀಸುವ ಪದದ ತ್ರಿಪದಿಯಂತೆಯೇ ಓವಿಯೂ ಬೀಸುಕಲ್ಲಿನ ಮುಂದೆ ಹಾಡಿಕೊಳ್ಳುವ ಮಟ್ಟು. ಅಂದರೆ ಆಕ್ಸ್‌ಫರ್ಡಿನಲ್ಲಿ ಓದಿದರೆಂದು ಹೇಳಲಾಗುವ ವಿದ್ವಾಂಸರು ಲ್ಯಾಟಿನ್ ಮಹಾಕಾವ್ಯಗಳ ಮಟ್ಟನ್ನು ಇಲ್ಲಿಗೆ ಹೊತ್ತು ತರಲಿಲ್ಲ, ಇಲ್ಲಿಯ ಅಡುಗೆಮನೆಯಲ್ಲಿ ಕೇಳಿಬರುತ್ತಿದ್ದ ಮಟ್ಟನ್ನು ಎತ್ತಿಕೊಂಡರು.

ಪದಗಳ ಆಯ್ಕೆಯಲ್ಲಿಯೂ ಅದೇ ಧೈರ್ಯ. ಸ್ವರ್ಗಕ್ಕೆ ಅವರು ವೈಕುಂಠವೆಂಬ ಮಾತನ್ನು ಬಳಸಲು ಅಂಜಲಿಲ್ಲ. ಕೇಳುವ ಜನಕ್ಕೆ ಪವಿತ್ರವೆನಿಸುವ ಮಾತುಗಳೇ ಪವಿತ್ರ ಸಂಗತಿಗಳನ್ನು ಹೇಳಲು ತಕ್ಕವು ಎಂಬುದು ಅವರ ನಂಬಿಕೆಯಾಗಿತ್ತೆಂದು ತೋರುತ್ತದೆ. ಸಾಹಿತ್ಯಕ್ಕೆ ಪಳಗಿದ ಮರಾಠಿಯನ್ನು ಕಾವ್ಯದ ಮೈಯಾಗಿಸಿ, ಸಾಮಾನ್ಯರಿಗೂ ಅರ್ಥವಾಗಲೆಂದು ಮನೆಮಾತಾದ ಕೊಂಕಣಿಯ ಪದಗಳನ್ನು ಅದರಲ್ಲಿ ಹದವಾಗಿ ಬೆರೆಸಿದರು. ಮರಾಠಿ ನುಡಿಯ ಸೊಬಗನ್ನು ಹೂವು, ಹಕ್ಕಿ, ರತ್ನಗಳ ಹೋಲಿಕೆಯಿಂದ ಕೊಂಡಾಡುವ ಅವರ ಪದ್ಯಗಳನ್ನು ಮಹಾರಾಷ್ಟ್ರದ ಜನ ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಪರನಾಡಿನಿಂದ ಬಂದವರೊಬ್ಬರು ತಮ್ಮ ತಾಯ್ನುಡಿಗೆ ಸಲ್ಲಿಸಿದ ಆ ಗೌರವವನ್ನು ಮರಾಠಿ ಜನ ಮತಭೇದವಿಲ್ಲದೆ ಸ್ವೀಕರಿಸಿದ್ದಾರೆ.

ಒಂದು ಆಸೆ ಮಾತ್ರ ಅವರಿಗೆ ಕೈಗೂಡಲಿಲ್ಲ. ಪುಸ್ತಕ ಈ ನಾಡಿನ ಲಿಪಿಯಲ್ಲಿಯೇ ಅಚ್ಚಾಗಬೇಕೆಂದು ಅವರು ಹಂಬಲಿಸಿದ್ದರು. ತಮಿಳು ಅಕ್ಷರಗಳಲ್ಲಿ 1578ರಲ್ಲಿಯೇ ಕೊಲ್ಲಂನಲ್ಲಿ ಪುಸ್ತಕ ಅಚ್ಚಾಗಿತ್ತು. ಮಿಲ್ಟನ್ ಹುಟ್ಟಿದ ವರ್ಷವೇ ಆದ 1608ರಲ್ಲಿ ಸ್ಟೀಫನ್ಸರು ರೋಮಿನ ಮಹಾಶ್ರೇಷ್ಠರಿಗೆ ಪತ್ರ ಬರೆದು ಇದನ್ನು ನಿವೇದಿಸಿಕೊಂಡರು. ಯುರೋಪಿನ ಲಿಪಿಗೆ ಇಪ್ಪತ್ತನಾಲ್ಕು ಅಚ್ಚುಮೊಳೆ ಸಾಕು, ಇಲ್ಲಿಯದಕ್ಕೆ ಆರುನೂರರಷ್ಟು ಬೇಕು, ಅದೇ ತೊಡಕು ಎಂದು ವಿವರಿಸಿದರು. ಕಾಗುಣಿತ, ಒತ್ತಕ್ಷರಗಳ ಗೊಡವೆ ಬಲ್ಲ ಕನ್ನಡದ ಮುದ್ರಕರಿಗೆ ಈ ಕಷ್ಟ ಚೆನ್ನಾಗಿ ಅರ್ಥವಾದೀತು. ಅವುಗಳನ್ನು ಇನ್ನೂರಕ್ಕೆ ಇಳಿಸಬಹುದೆಂಬ ಉಪಾಯವನ್ನೂ ಅವರು ಸೂಚಿಸಿದ್ದರು. ಅಷ್ಟಾದರೂ ಕೊನೆಗೆ ಪುರಾಣ ರೋಮನ್ ಲಿಪಿಯಲ್ಲಿಯೇ ಅಚ್ಚಾಯಿತು.

ವ್ಯಾಕರಣಕಾರರಾಗಿ

ಸ್ಟೀಫನ್ಸರು 1619ರಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಗೋವೆಯಲ್ಲಿ ನಿಧನರಾದರು. ಅವರ ಇನ್ನೆರಡು ಕೃತಿಗಳು ಬೆಳಕು ಕಂಡದ್ದು ಆ ಬಳಿಕವೇ. 1622ರಲ್ಲಿ ಕೊಂಕಣಿ ಧರ್ಮೋಪದೇಶದ ಪುಸ್ತಕ ರಾಯತೂರಿನಲ್ಲಿ ಅಚ್ಚಾಯಿತು. ಗುರು ಶಿಷ್ಯರ ಪ್ರಶ್ನೋತ್ತರ ರೂಪದ ಈ ಪುಸ್ತಕ ಕೊಂಕಣಿ ಗದ್ಯಕ್ಕೆ ಬುನಾದಿ. 1640ರಲ್ಲಿ ಅವರ ಕೊಂಕಣಿ ವ್ಯಾಕರಣವನ್ನು ಫಾದರ್ ದಿಯೋಗು ರಿಬೇರು ಮತ್ತು ಇತರರು ವಿಸ್ತರಿಸಿ ಪ್ರಕಟಿಸಿದರು. ಭಾರತೀಯ ಭಾಷೆಯೊಂದಕ್ಕೆ ಅಚ್ಚಾದ ಮೊದಲ ವ್ಯಾಕರಣ ಇದೆಂದು ವಿದ್ವಾಂಸರು ಎಣಿಸುತ್ತಾರೆ.

ಈ ಪುಸ್ತಕಗಳ ಪೋರ್ಚುಗೀಸ್ ಹೆಸರಿನಲ್ಲಿ ಭಾಷೆಯನ್ನು ಕನರಿಂ ಎಂದು ಕರೆಯಲಾಗಿದೆ. ಅದನ್ನು ಕಂಡು ಇವು ಕನ್ನಡದ ಪುಸ್ತಕಗಳೆಂದು ಭ್ರಮಿಸಿದವರುಂಟು. ಪೋರ್ಚುಗೀಸರು ಕರಾವಳಿಯನ್ನು ಕನರಾ ಎಂದೂ ಅಲ್ಲಿಯ ಕೊಂಕಣಿಯನ್ನು ಕನರಿಂ ಎಂದೂ ಕರೆದದ್ದು ಈ ಗೊಂದಲಕ್ಕೆ ಕಾರಣ. ಹೆಸರಿನ ಈ ಬೆರಕೆಯಲ್ಲಿಯೇ ಕನ್ನಡ, ಕೊಂಕಣಿಗಳ ಹಳೆಯ ನೆರೆಹೊರೆಯ ನಂಟು ಕಾಣುತ್ತದೆ.

ಮಂಗಳೂರು ಉಳಿಸಿದ ಕಾವ್ಯ

ಕ್ರಿಸ್ತಪುರಾಣ 1649ರಲ್ಲಿಯೂ 1654ರಲ್ಲಿಯೂ ಮರುಮುದ್ರಣಗೊಂಡಿತು. ಭಾನುವಾರಗಳಲ್ಲಿ, ಹಬ್ಬಗಳಲ್ಲಿ ಅದನ್ನು ದೇವಾಲಯಗಳಲ್ಲಿ ಹಾಡುತ್ತಿದ್ದರು. ಆದರೆ ಕಾಲ ತಿರುಗಿತು. 1684ರ ಜೂನ್ 27ರಂದು ಗೋವೆಯ ವೈಸ್‌ರಾಯ್ ಹೊರಡಿಸಿದ ಆಜ್ಞೆಯು ಜನ ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಮಾತನಾಡಬೇಕೆಂದು ವಿಧಿಸಿತು. ಯಾವ ಭಾಷೆಯನ್ನು ಕಲಿಯಲು ಸ್ಟೀಫನ್ಸರು ಒಂದು ಆಯುಷ್ಯವನ್ನೇ ಸವೆಸಿದರೋ ಅದನ್ನು ಮೂರು ವರ್ಷಗಳಲ್ಲಿ ಅಳಿಸಬೇಕೆಂದು ಅಧಿಕಾರ ಬಯಸಿತು. ಮೂರು ಮುದ್ರಣಗಳಲ್ಲಿ ಒಂದರ ಪ್ರತಿಯೂ ಇಂದು ದೊರೆತಿಲ್ಲ.

ಹಾಗಿದ್ದರೂ ಕಾವ್ಯ ನಮಗೆ ಉಳಿದಿದೆ. ಉಳಿಸಿದವರು ಗೋವೆಯನ್ನು ತೊರೆದು ದಕ್ಷಿಣಕ್ಕೆ ಬಂದವರು. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಧಾರ್ಮಿಕ ವಿಚಾರಣೆ, ತೆರಿಗೆ, ಬರ, ಯುದ್ಧಗಳ ಕಾರಣದಿಂದ ಸಾವಿರಾರು ಕೊಂಕಣಿ ಕ್ರೈಸ್ತರು ಕನ್ನಡ ಕರಾವಳಿಗೆ ಇಳಿದುಬಂದರು. ಕೆಳದಿಯ ನಾಯಕರು ಅವರಿಗೆ ಆಶ್ರಯವಿತ್ತರು. ಬೇಸಾಯ ಬಲ್ಲ ಆ ಜನ ಇಲ್ಲಿಯ ಗದ್ದೆಗಳಲ್ಲಿ ಬೇರುಬಿಟ್ಟರು. ಬರುವಾಗ ತಂದ ಅಲ್ಪ ಗಂಟಿನಲ್ಲಿ ಕ್ರಿಸ್ತಪುರಾಣದ ಕೈಬರಹದ ಪ್ರತಿಗಳೂ ಇದ್ದವು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು. ಬದುಕುಳಿದವರು 1799ರ ಬಳಿಕ ಊರಿಗೆ ಮರಳಿದಾಗ ಮನೆಗಳೂ ದೇವಾಲಯಗಳೂ ಹಾಳುಬಿದ್ದಿದ್ದವು. ಇಷ್ಟೆಲ್ಲ ನಡೆದ ಮೇಲೂ ಕೆಲವು ಮನೆತನಗಳಲ್ಲಿ ಪುರಾಣದ ಪ್ರತಿಗಳು ದೊರೆತವು ಎಂಬುದನ್ನು ನೆನೆದರೆ ಮನ ಕರಗುತ್ತದೆ.

ಅಂಥ ಹಸ್ತಪ್ರತಿಗಳನ್ನು ಕಲೆಹಾಕಿ, ಪಾಠಗಳನ್ನು ಹೋಲಿಸಿ, ಜೋಸೆಫ್ ಎಲ್. ಸಲ್ಡಾನ ಅವರು 1907ರಲ್ಲಿ ಮಂಗಳೂರಿನಲ್ಲಿ ಸಂಪೂರ್ಣ ಕ್ರಿಸ್ತಪುರಾಣವನ್ನು ಪ್ರಕಟಿಸಿದರು. ಬೋಳಾರದ ಸೈಮನ್ ಆಲ್ವಾರಿಸ್ ಅದರ ಮುದ್ರಕರು. ಕವಿಯ ಜೀವನ, ಕಥಾಸಾರ, ಪದಕೋಶಗಳನ್ನೂ ಸಂಪಾದಕರು ಸೇರಿಸಿದ್ದರು. 1654ರ ಬಳಿಕ 253 ವರ್ಷಗಳಿಗೆ ಕಾವ್ಯ ಮತ್ತೆ ಅಚ್ಚಿನ ಮುಖ ಕಂಡದ್ದು ನಮ್ಮ ಕರ್ನಾಟಕದ ನೆಲದಲ್ಲಿ. ಮುಂದೆ ಲಂಡನ್ನಿನ ಮಾರ್ಸ್‌ಡೆನ್ ಸಂಗ್ರಹದಲ್ಲಿ ದೇವನಾಗರಿ ಲಿಪಿಯ ಹಸ್ತಪ್ರತಿಯೂ ಪತ್ತೆಯಾಯಿತು. 1956ರಲ್ಲಿ ಪುಣೆಯಲ್ಲಿ ಶಾಂತಾರಾಮ ಬಂಡೇಲು ಅವರು ದೇವನಾಗರಿ ಆವೃತ್ತಿಯನ್ನು ಹೊರತಂದರು. ಕವಿ ಬಯಸಿದ್ದ ನಾಡಿನ ಲಿಪಿಯಲ್ಲಿ ಕಾವ್ಯ ಅಚ್ಚಾಗಲು ಹೀಗೆ 340 ವರ್ಷ ಹಿಡಿಯಿತು. ಇತ್ತೀಚೆಗೆ ಫಾದರ್ ನೆಲ್ಸನ್ ಫಲ್ಕಾವೊ ಅವರು ಸಿದ್ಧಪಡಿಸಿದ ಆವೃತ್ತಿಯೂ ಆಂಗ್ಲ ಅನುವಾದವೂ ಬೆಂಗಳೂರಿನಲ್ಲಿ 2009 ಮತ್ತು 2012ರಲ್ಲಿ ಪ್ರಕಟವಾಗಿವೆ. ಗೋವೆಯಲ್ಲಿ ಕೊಂಕಣಿ ಅಧ್ಯಯನಕ್ಕಾಗಿ ಯೇಸುಸಭೆಯವರು ಸ್ಥಾಪಿಸಿದ ಕೇಂದ್ರಕ್ಕೆ ಸ್ಟೀಫನ್ಸರ ಹೆಸರನ್ನೇ ಇಡಲಾಗಿದೆ.

ಕ್ರಿಸ್ತನ ಕಥೆಯನ್ನು ಭಾರತೀಯ ನುಡಿಯಲ್ಲಿ ಕಾವ್ಯವಾಗಿಸುವ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಇದೇ ಕರಾವಳಿಯ ಮಂಜೇಶ್ವರದ ಗೋವಿಂದ ಪೈ ಅವರು ಯೇಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನು 1937ರಲ್ಲಿ ಕನ್ನಡಕ್ಕೆ ಕೊಟ್ಟರು. ಬರೆದವರು ಕ್ರೈಸ್ತರಲ್ಲ. ಒಬ್ಬ ಆಂಗ್ಲ ಗುರು ಹಿಂದೂ ಸಂತರ ಛಂದಸ್ಸನ್ನು ಎತ್ತಿಕೊಂಡರು, ಒಬ್ಬ ಹಿಂದೂ ಕವಿ ಶಿಲುಬೆಯ ಕಥೆಯನ್ನು ಎತ್ತಿಕೊಂಡರು. ಅಧಿಕಾರ ಕೆಡವಿದ್ದನ್ನು ಕಾವ್ಯ ಇಷ್ಟಾದರೂ ಕಟ್ಟಿತು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನೆಗೆ ಜನರ ಭಾಷೆಯ ಬಾಗಿಲನ್ನು ತೆರೆಯಿತು. ಸ್ಟೀಫನ್ಸರು ಮೂರೂವರೆ ಶತಮಾನದ ಹಿಂದೆಯೇ ಆ ಬಾಗಿಲನ್ನು ತಟ್ಟಿದ್ದರು. ಇಂದು ಶಿವಮೊಗ್ಗ ಧರ್ಮಪ್ರಾಂತಕ್ಕೆ ಸೇರಿದ ನಮ್ಮ ಚಿತ್ರದುರ್ಗ ಸೀಮೆಯಲ್ಲಿ ನಾವು ಕನ್ನಡದಲ್ಲಿ ಪ್ರಾರ್ಥಿಸುತ್ತೇವೆ. ಪೂಜೆಯ ಭಾಷೆ ಯಾವುದಿರಬೇಕೆಂಬ ವಿಷಯದಲ್ಲಿ ನಾಡಿನ ಕಥೋಲಿಕರ ನಡುವೆ ಮನಸ್ತಾಪಗಳೂ ಆಗಿವೆ. ಆ ವಾದಗಳ ನಡುವೆ ಇನ್ನೊಂದು ಪ್ರಶ್ನೆ ಮರೆಯಾಗುತ್ತಿದೆಯೆಂದು ನಮಗೆ ಅನಿಸುತ್ತದೆ. ದೇವಾಲಯದಲ್ಲಿ ಕೇಳಿದ್ದು ಮನೆಗೆ ಬರುತ್ತಿದೆಯೇ? ಸಂಜೆಯ ಜಪಸರದ ಬಳಿಕ ಮಕ್ಕಳಿಗೆ ಪವಿತ್ರ ಬೈಬಲಿನ ಒಂದು ಕಥೆಯನ್ನು ನಮ್ಮ ಮಾತಿನಲ್ಲಿ, ನಮ್ಮ ಧಾಟಿಯಲ್ಲಿ ಹೇಳುವ ಅಜ್ಜಿಯರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಸಾಷ್ಟಿಯ ಬ್ರಾಹ್ಮಣ ಕೇಳಿದ್ದ ಪ್ರಶ್ನೆ ಇದಕ್ಕಿಂತ ಬೇರೆಯದಲ್ಲ. ಅದಕ್ಕೆ ಉತ್ತರ ಕೊಡಲು ಒಬ್ಬರು ಆರು ತಿಂಗಳ ಕಡಲನ್ನು ದಾಟಿ ಬಂದು ಒಂದು ಆಯುಷ್ಯವನ್ನು ಇಲ್ಲಿ ಸವೆಸಿದರು. ಅದೇ ಪ್ರಶ್ನೆಗೆ ನಾವು ಉತ್ತರ ಕೊಡಲು ಮನೆಯ ಪಡಸಾಲೆಯವರೆಗೆ ಬಂದು ಕುಳಿತರೆ ಸಾಕು.